ಹಡಗಿನಲ್ಲಿರುವ ಅಣ್ಣ

ಜನವರಿ 12

ಫೋನಿನಲ್ಲಿ ಹೂಂ, ಉಹೂಂ ಬಿಟ್ಟು ಮೂರನೆಯ ಮಾತಾಡದ ಮಗಳಿಗೆ,

ಕಾಗದ ಬರೆಯುತ್ತಿರುವುದು ಅದಕ್ಕೇ. ಕಾಗದದಲ್ಲಿ ಹೂಂಗುಟ್ಟಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಬರೆದರೆ ಏನಾದರೂ ಬರೆಯಲೇಬೇಕು. ಇಪ್ಪತ್ತೆರಡು ವರ್ಷದಿಂದ ಕಂಡವರ ಬಾಯಿಗೆ ಮಾತು ತುಂಬುವುದೇ ನನ್ನ ಕಸುಬು. ಹೆತ್ತ ಮಗಳ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡಿಸಲಾರೆ ಎಂದರೆ ಯಾರಾದರೂ ನಗುತ್ತಾರೆ.

ಸುದ್ದಿ ಏನೆಂದರೆ, ಆ ಬಸ್‌ಸ್ಟಾಪಿನ ಸಿನಿಮಾ ವಾಪಸು ಬಂದಿದೆ. ಒಂಬತ್ತು ವರ್ಷದ ಹಿಂದೆ ನಾನು ಕನ್ನಡಕ್ಕೆ ಡಬ್ಬಿಂಗ್ ಬರೆದ ಪರದೇಶದ ಚಿತ್ರ, ನೆನಪಿದೆಯಾ? ಹೈಸ್ಕೂಲಿನ ಇಬ್ಬರು ಹುಡುಗಿಯರು. ಒಬ್ಬಳಿಗೆ ಇನ್ನೊಬ್ಬಳ ಮೇಲೆ ಪ್ರೀತಿ. ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಆಗ ವಿತರಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. "ಹುಡುಗಿ ಹುಡುಗಿಗೇ ಹಾಗಂದ್ರೆ ಜನ ಸೀಟು ಹರಿದು ಹಾಕ್ತಾರಮ್ಮ. ಚಿತ್ರ ಕತ್ತರಿಸೋ ಹಾಗಿಲ್ಲ, ಮಾತಲ್ಲೇ ಏನಾದ್ರೂ ಮಾಡಿ" ಎಂದರು. ನಾನು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಆ ಎರಡನೆಯ ಹುಡುಗಿಗೆ ಒಬ್ಬ ಅಣ್ಣನನ್ನು ಹುಟ್ಟಿಸಿದೆ. "ನಿಮ್ಮಣ್ಣ ಅಂದ್ರೆ ತುಂಬಾ ಪ್ರೀತಿ ಕಣೇ." ಮುಗಿಯಿತು. ಅಣ್ಣ ಎಲ್ಲಿ ಎಂದು ಯಾರೂ ಕೇಳಬಾರದಲ್ಲ, ಅವನನ್ನು ಹಡಗಿನ ಕೆಲಸಕ್ಕೆ ಕಳಿಸಿ ಕೈ ತೊಳೆದುಕೊಂಡೆ. ಕೊನೆಯಲ್ಲಿ ಹುಡುಗಿಯರಿಬ್ಬರೂ ತಬ್ಬಿಕೊಂಡು ಅಳುವಾಗ "ಅಳಬೇಡ, ಅಣ್ಣ ಬಂದೇ ಬರ್ತಾನೆ" ಎಂದು ಬರೆದೆ. ಥಿಯೇಟರಿನಲ್ಲಿ ಹೆಂಗಸರು ಮೂಗು ಒರೆಸಿಕೊಂಡರು. ನಿನ್ನ ಅಣ್ಣನಂತೂ ಲಿಫ್ಟ್ ರಿಪೇರಿಗೆ ಹೋದ ಬಿಲ್ಡಿಂಗಿನಲ್ಲೆಲ್ಲ "ಆ ಹಡಗಿನ ಅಣ್ಣ ನಾನೇ" ಎಂದು ಹೇಳಿಕೊಂಡು ತಿರುಗಿದ. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಈಗ ಕಾಲ ತಿರುಗಿದೆ. ಹೊಸ ಕಂಪನಿಯ ಮೇಡಮ್ ನಿನ್ನ ವಯಸ್ಸಿನವಳು. ಇದ್ದದ್ದನ್ನು ಇದ್ದ ಹಾಗೇ ಬರೆಯಬೇಕು ಎನ್ನುತ್ತಾಳೆ. ಸುಳ್ಳು ಬರೆದರೆ ಈಗಿನ ಮಕ್ಕಳು ಮರ್ಯಾದೆ ತೆಗೆಯುತ್ತಾರಂತೆ. ಬರೆಯುತ್ತೇನೆ, ನನಗೇನು. ತೊಡಕು ಇರುವುದು ಆ ಒಂದು ಸಾಲಿನಲ್ಲಿ. ಹುಡುಗಿಯ ಮುಖ ಪರದೆಯ ತುಂಬ ಇದೆ, ತುಟಿ ಮೂರು ಸಲ ಕೂಡುತ್ತದೆ. ಅಲ್ಲಿ ಪ, ಬ, ಮ ಬರಲೇಬೇಕು. "ಐ ಲವ್ ಯೂ" ಎಂದರೆ ತುಟಿ ಒಂದು ಸಲವೂ ಕೂಡುವುದಿಲ್ಲ. "ನಿನ್ನನ್ನು ಪ್ರೀತಿಸುತ್ತೇನೆ" ಎಂದರೆ ಪರೀಕ್ಷೆಗೆ ಓದಿಕೊಂಡು ಬಂದವಳ ಹಾಗಿರುತ್ತದೆ. ಹುಡುಗಿಯರು ಹುಡುಗಿಯರಿಗೆ ಇದನ್ನು ಹೇಗೆ ಹೇಳುತ್ತಾರೆ, ನೀನಾದರೂ ತಿಳಿಸು. ನನ್ನ ವಯಸ್ಸಿಗೆ ಹೊಳೆಯುತ್ತಿಲ್ಲ.

ಆ ಹುಡುಗಿಗೆ ದನಿ ಕೊಡುವುದು ನಿನ್ನ ಅತ್ತಿಗೆ. ಡಬ್ಬಿಂಗ್ ಕಲಾವಿದೆಯಾಗಿ ಅವಳಿಗೀಗ ನನಗಿಂತ ಹೆಚ್ಚು ಕೆಲಸವಿದೆ. ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ನಿನ್ನ ಬೆನ್ನಿಗೆ ಅಂಟಿಕೊಂಡು ಈ ಮನೆಗೆ ಬಂದವಳು, ಸೊಸೆಯಾಗಿ ನಮ್ಮವಳೇ ಆದಳು. ನೀನು ಮಾತ್ರ ನಾಲ್ಕೂವರೆ ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಒಂದು ಸಲ ಬಂದು ಹೋಗು, ಮರಿ.

ಕಾಯುತ್ತಿರುವ,
ಅಮ್ಮ


ಫೆಬ್ರವರಿ 3

ಅಮ್ಮನಿಗೆ,

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಕೆಲಸ ಜಾಸ್ತಿ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನಕ್ಕೆ ಮೂವತ್ತು, ನಲವತ್ತು ಗಾಜು ಉಜ್ಜುತ್ತೇನೆ. ಅಂಚು ಸರಿಯಾಗಿ ಕೂರಬೇಕಾದರೆ ಉಸಿರು ಬಿಗಿಹಿಡಿಯಬೇಕು, ಮಾತಾಡುವ ಹಾಗಿಲ್ಲ. ನಿನ್ನ ಮಗಳಿಗೆ ಹೇಳಿ ಮಾಡಿಸಿದ ಕೆಲಸ.

ಅಂಥ ಮಾತು ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳು. ನಿನ್ನ ಕಂಪನಿಯ ಮೇಡಮ್ಮಿಗೇ ಗೊತ್ತಿರಬಹುದು.

ಆ ಸಿನಿಮಾ ನಾನು ನೋಡಿದ್ದೇನೆ. ಬಿಡುಗಡೆಯಾದ ವಾರವೇ, ಸ್ಕೂಲು ತಪ್ಪಿಸಿ. ನಿನಗೆ ಹೇಳಿರಲಿಲ್ಲ. ನಿನ್ನ ಮೇಜಿನ ಕೆಳಗೆ ಆಡಿ ಬೆಳೆದವಳು ನಾನು. ಟೀವಿಯ ದನಿ ನಿಲ್ಲಿಸಿ ಬರೀ ತುಟಿ ನೋಡಿ ಏನು ಹೇಳುತ್ತಿದ್ದಾರೆ ಎಂದು ಇಬ್ಬರೂ ಪಂದ್ಯ ಕಟ್ಟುತ್ತಿದ್ದೆವಲ್ಲ. ಹಾಗಾಗಿ ನನ್ನ ಮಟ್ಟಿಗೆ ಆ ಅಣ್ಣ ಹಡಗು ಹತ್ತಲೇ ಇಲ್ಲ.

ಬರುವುದಕ್ಕೆ ರಜೆ ಇಲ್ಲ. ಮಂಡಿ ನೋವಿಗೆ ಡಾಕ್ಟರು ಕೊಟ್ಟ ವ್ಯಾಯಾಮ ಬಿಡಬೇಡ. ಅಣ್ಣನಿಗೆ ಕೇಳಿದೆನೆಂದು ಹೇಳು.

ಮಗಳು


ಫೆಬ್ರವರಿ 21

ಕದ್ದು ಸಿನಿಮಾ ನೋಡಿದ ಕಳ್ಳಿಗೆ,

ಸ್ಕೂಲು ತಪ್ಪಿಸಿದ್ದಕ್ಕೆ ಒಂಬತ್ತು ವರ್ಷ ತಡವಾಗಿ ಬೈದಿದ್ದೇನೆ, ತೆಗೆದುಕೋ. ಇಡೀ ಕಾಗದದಲ್ಲಿ ನನ್ನ ಮಂಡಿಯಿಂದ ಹಿಡಿದು ಎಲ್ಲದರ ಕ್ಷೇಮ ವಿಚಾರಿಸಿದ್ದೀಯ, ಅತ್ತಿಗೆ ಹೇಗಿದ್ದಾಳೆ ಎಂದು ಕೇಳಲಿಲ್ಲ. ಹೋಗಲಿ ಬಿಡು. ಅವಳೂ ನಿನ್ನ ಸುದ್ದಿ ಎತ್ತುವುದಿಲ್ಲ.

ಮೊನ್ನೆ ಒಂದು ಮಜಾ ಆಯಿತು. ಕಂಪನಿಯವರು ಹದಿನೈದು, ಹದಿನಾರರ ಇಪ್ಪತ್ತು ಮಕ್ಕಳನ್ನು ಕರೆಸಿ ನನ್ನ ಹಳೆಯ ಡಬ್ಬಿಂಗಿನಲ್ಲೇ ಆ ಸಿನಿಮಾ ತೋರಿಸಿದರು. ಈಗಿನವರಿಗೆ ಏನು ಬೇಕು, ಏನು ಬೇಡ ಎಂದು ತಿಳಿಯಲಿಕ್ಕಂತೆ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಮುಗಿದ ಮೇಲೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಒಬ್ಬಳು ಎದ್ದು ನಿಂತಳು. "ಅಣ್ಣ ಈಗ ಬರ್ತಾನೆ, ಆಗ ಬರ್ತಾನೆ ಅಂತ ಎರಡು ಗಂಟೆ ಕಾದೆ. ಆಮೇಲೆ ಗೊತ್ತಾಯ್ತು, ಅವಳು ನೋಡ್ತಿರೋದು ಎದುರಿಗಿರೋಳನ್ನೇ. ಈ ಅಣ್ಣನ್ನ ಯಾರು ತಂದು ತುರುಕಿದ್ದು?"

ಒಂಬತ್ತು ವರ್ಷ ಒಬ್ಬನೂ ಕೇಳದ ಪ್ರಶ್ನೆ, ಮರಿ. ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿ ಕೂತೆ.

ಆಮೇಲೆ ಒಬ್ಬೊಬ್ಬರದೂ ಒಂದೊಂದು ಬೇಡಿಕೆ. ಒಬ್ಬಳಿಗೆ ಮುತ್ತು ಬೇಕು. ಇನ್ನೊಬ್ಬಳಿಗೆ ಅದು ಬೇಡ, ಬರೀ ಕೈ ಹಿಡಿದರೆ ಸಾಕು. ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: "ನಾನು ನೋಡಿರೋದ್ರಲ್ಲೆಲ್ಲ ಇಬ್ರಲ್ಲಿ ಒಬ್ಬಳು ಸಾಯ್ತಾಳೆ, ಇಲ್ಲಾಂದ್ರೆ ಮದುವೆಯಾಗಿ ಹೊರಟುಹೋಗ್ತಾಳೆ. ಇದ್ರಲ್ಲಿ ಹಾಗಾಗಲ್ಲ. ಅದಕ್ಕೇ ಇದು ಬೇಕು. ಕಥೆ ಸಪ್ಪೆ ಇದ್ರೂ ಪರವಾಗಿಲ್ಲ." ಕಥೆ ಎಂದ ಮೇಲೆ ಯಾರಾದರೂ ಅಳಬೇಡವೇ ಎಂದೆ, ನನ್ನ ಬಾಯಿ ತಡೆಯಲಿಲ್ಲ. ಅವಳು ತಿರುಗಿ ನೋಡಿದಳು. "ಆಂಟಿ, ಹುಡುಗ ಹುಡುಗಿ ಕಥೇಲಿ ಸುಖವಾಗಿದ್ದರು ಅಂತ ಮುಗಿಸ್ತೀರಲ್ಲ. ನಮಗೂ ಒಂದು ಸಲ ಮುಗಿಸಿ."

ಮನೆಗೆ ಬಂದು ನಲವತ್ತು ಸಾಲು ಬರೆದು ಹರಿದೆ. ಒಂದರಲ್ಲಿ ತುಟಿ ಕೂಡುತ್ತದೆ, ಪ್ರೀತಿ ಇಲ್ಲ. ಇನ್ನೊಂದರಲ್ಲಿ ಪ್ರೀತಿ ಇದೆ, ಬಾಯಿ ಮಾತ್ರ ಹಲ್ಲುನೋವು ಬಂದವಳ ಹಾಗಾಗುತ್ತದೆ. ಆ ಜಡೆಯ ಹುಡುಗಿಗೆ ಮತ್ತೆ ಮೋಸ ಮಾಡಲಾರೆ. ಒಂದೇ ಒಂದು ಸಾಲು ಕೊಡು. ಸ್ಕೂಲಿನಲ್ಲಿ, ಹಾಸ್ಟೆಲಿನಲ್ಲಿ ಎಲ್ಲಾದರೂ ಯಾರಾದರೂ ಯಾರಿಗಾದರೂ ಹೇಳಿದ್ದನ್ನು ಕೇಳಿಯೇ ಇಲ್ಲವೇ ನೀನು?

ಬೇಡುತ್ತಿರುವ,
ಅಮ್ಮ


ಮಾರ್ಚ್ 9

ಅಮ್ಮ,

ಇದನ್ನು ಹಾಕು. ಕನ್ನಡಿಯ ಮುಂದೆ ನಿಂತು ನೋಡಿದ್ದೇನೆ, ಮೂರು ಸಲ ಕೂಡುತ್ತದೆ.

"ಬಸ್ಸು ಬರೋದೇ ಬೇಡ ಕಣೇ."

ಒಂದಕ್ಷರವನ್ನೂ ತಿದ್ದಬೇಡ. ಎಲ್ಲಿಂದ ಬಂತೆಂದು ಯಾರಿಗೂ ಹೇಳಬೇಡ.

ಮಗಳು


ಏಪ್ರಿಲ್ 17

ಮರಿ,

ನಿನ್ನ ಸಾಲು ಓದಿ ಮೊದಲು ಸಿಟ್ಟು ಬಂತು. ನಾನು ಪ್ರೀತಿ ಕೇಳಿದರೆ ಇವಳು ಬಸ್ಸಿನ ಸಮಾಚಾರ ಹೇಳುತ್ತಾಳಲ್ಲ ಎಂದುಕೊಂಡೆ. ಆಮೇಲೆ ಚಿತ್ರ ಓಡಿಸಿ ನೋಡಿದೆ. ಅಚ್ಚಿಗೆ ಹೊಯ್ದ ಹಾಗೆ ಕೂತಿತು. ಬೆಂಚಿನ ಮೇಲಿನ ಆ ಹುಡುಗಿ ಹೇಳುತ್ತಿರುವುದು ಅದನ್ನೇ ಎನಿಸಿತು. ಕಂಪನಿಯ ಮೇಡಮ್ ಓದಿ ಕಣ್ಣು ಒರೆಸಿಕೊಂಡು "ಇದಕ್ಕಿಂತ ಹೆಚ್ಚು ಯಾರೂ ಹೇಳಕ್ಕಾಗಲ್ಲ" ಎಂದಳು.

ಹೋದ ಮಂಗಳವಾರ ಆ ದೃಶ್ಯದ ಡಬ್ಬಿಂಗ್ ಆಯಿತು. ಗಾಜಿನ ಆಚೆ ಮೈಕಿನ ಮುಂದೆ ನಿನ್ನ ಅತ್ತಿಗೆ, ಈಚೆ ನಾನು ಮತ್ತು ಸೌಂಡ್ ಎಂಜಿನಿಯರು. ಹಾಳೆಗಳನ್ನು ಅಲ್ಲೇ ಕೊಡುವುದು ನನ್ನ ರೂಢಿ. ಮೊದಲೇ ಓದಿಕೊಂಡರೆ ದನಿ ಹಳಸುತ್ತದೆ. ಅವಳು ಓದುತ್ತಾ ಹೋದವಳು ಆ ಸಾಲಿನಲ್ಲಿ ನಿಂತಳು. ಹಾಳೆಯನ್ನು ಸ್ಟ್ಯಾಂಡಿನಿಂದ ತೆಗೆದು ಹತ್ತಿರ ಹಿಡಿದು ನೋಡಿದಳು.

"ಅತ್ತೆ, ಈ ಸಾಲು ಯಾರು ಬರೆದಿದ್ದು?"

ಹೇಳಬೇಡ ಎಂದು ನೀನು ಬರೆದಿದ್ದೆ. ಮನೆಯವಳೇ ತಾನೇ, ಹೇಳಿದರೇನು ಎಂದುಕೊಂಡೆ. "ಇನ್ಯಾರು, ನಿನ್ನ ನಾದಿನಿ. ಕನ್ನಡಕ ಉಜ್ಜೋಳಿಗೆ ಎಷ್ಟು ಸೂಕ್ಷ್ಮ ನೋಡು" ಎಂದೆ.

ಅವಳು ನೀರು ಕೇಳಿದಳು. ಕುಡಿಯಲಿಲ್ಲ. ಒಳಗಿನ ದೀಪ ಆರಿಸಲು ಹೇಳಿದಳು. ಒಂದೇ ಟೇಕಿನಲ್ಲಿ ಹೇಳಿಬಿಟ್ಟಳು. ಐದು ವರ್ಷದಿಂದ ದಿನವೂ ಆ ದನಿ ಕೇಳುತ್ತಿದ್ದೇನೆ, ಆ ದನಿ ಅದಾಗಿರಲಿಲ್ಲ. ಹದಿನಾರರ ಹುಡುಗಿ ಬಂದು ನಿಂತಿದ್ದಳು. ಆ ಮಾತಾದ ಮೇಲೆ ಚಿತ್ರದಲ್ಲಿ ಇಬ್ಬರೂ ಸುಮ್ಮನೆ ಕೂತಿರುತ್ತಾರೆ, ಅಲ್ಲಿ ಬರೀ ಉಸಿರು ಕೊಡಬೇಕು. ಅವಳು ಕೊಡುತ್ತಲೇ ಇದ್ದಳು. ಎಂಜಿನಿಯರು "ಉಸಿರು ಜಾಸ್ತಿಯಾಯ್ತು, ಕಟ್ ಮಾಡ್ಲಾ ಮೇಡಮ್?" ಎಂದ. ಬೇಡ, ಇರಲಿ ಎಂದೆ. ಚಿತ್ರ ಮುಗಿದು ಪರದೆ ಬೆಳ್ಳಗಾದ ಮೇಲೂ ಅವಳು ಹೆಡ್‌ಫೋನ್ ತೆಗೆಯಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ಕೇಳಿದಳು, "ಅವಳು ಚೆನ್ನಾಗಿದ್ದಾಳಾ?" ಅಷ್ಟೇ. ಇಷ್ಟು ವರ್ಷದಲ್ಲಿ ಮೊದಲ ಸಲ. ನಿಮ್ಮಿಬ್ಬರಿಗೂ ಏನೋ ಜಗಳವಾಗಿದೆ ಎಂದೇ ನಾನು ತಿಳಿದಿದ್ದೆ. ಅತ್ತಿಗೆ ನಾದಿನಿಯರ ಕಿರಿಕಿರಿ ಯಾವ ಮನೆಯಲ್ಲಿಲ್ಲ ಎಂದು ಸುಮ್ಮನಿದ್ದೆ. ಜಗಳವಾದವರು ಹಾಗೆ ಕೇಳುವುದಿಲ್ಲ, ಮರಿ.

ಆ ಮಾತು ಎಲ್ಲಿಂದ ಬಂತು? ನನಗೆ ಹೆದರಿಕೆಯಾಗುತ್ತಿದೆ, ಆದರೂ ಹೇಳು.

ಅಮ್ಮ


ಮೇ 5

ಅಮ್ಮ,

ಈ ಸಲ ಹೂಂ ಎಂದು ಮುಗಿಸುವುದಿಲ್ಲ.

ಅದು ಅವಳ ಮಾತು. ಕಡ್ಡಿಯದು. ಅತ್ತಿಗೆ ಎಂದು ಬರೆಯಲು ನನ್ನಿಂದ ಆಗುವುದಿಲ್ಲ, ಸ್ಕೂಲಿನ ಹೆಸರೇ ಇರಲಿ.

ಆ ಸಿನಿಮಾಗೆ ನಾವಿಬ್ಬರೂ ಹೋಗಿದ್ದೆವು. ನಮ್ಮ ಕ್ಲಾಸಿನವಳೊಬ್ಬಳು ಮೂಲವನ್ನು ನೋಡಿದ್ದಳು, ಇಬ್ಬರು ಹುಡುಗಿಯರ ಪ್ರೀತಿಯ ಕಥೆ ಎಂದು ಪಿಸುಗುಟ್ಟಿದ್ದಳು. ನಮಗಿಬ್ಬರಿಗೂ ಒಳಗೇನೋ ಆಗುತ್ತಿತ್ತು. ಅದಕ್ಕೆ ಏನನ್ನಬೇಕು ಎಂದು ಗೊತ್ತಿರಲಿಲ್ಲ. ಆ ಪರದೆಯ ಮೇಲಿನವರು ಹೇಗೆ ಹೇಳುತ್ತಾರೋ ಕೇಳಿಕೊಂಡು ಬರೋಣ ಎಂದು ಹೋದೆವು. ನೋಟ್‌ಪುಸ್ತಕ ಒಯ್ಯಲಿಲ್ಲ, ಅಷ್ಟೇ. ಬೆಂಚಿನ ದೃಶ್ಯ ಬಂದಾಗ ಅವಳು ನನ್ನ ತೋಳು ಹಿಡಿದಳು. ಆ ಹುಡುಗಿ ಬಾಯಿ ತೆರೆದಳು. "ನಿಮ್ಮಣ್ಣ ಅಂದ್ರೆ ತುಂಬಾ ಪ್ರೀತಿ ಕಣೇ." ಥಿಯೇಟರೆಲ್ಲ ಸಿಳ್ಳೆ. ಕಡ್ಡಿ ತೋಳು ಬಿಟ್ಟಳು.

ತುಟಿ ಬೇರೆ ಏನೋ ಹೇಳುತ್ತಿತ್ತು, ನನಗೆ ಕಾಣುತ್ತಿತ್ತು. "ಅವಳು ಹೇಳಿದ್ದು ಅದಲ್ಲ" ಎಂದು ಅವಳ ಕಿವಿಯಲ್ಲಿ ಹೇಳಿದೆ. "ಮತ್ತೇನು?" ಎಂದಳು. ನನಗೆ ಹೇಳಲಾಗಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕಡ್ಡಿ ರಸ್ತೆ ನೋಡುತ್ತಲೇ ಅಂದಳು, "ಬಸ್ಸು ಬರೋದೇ ಬೇಡ ಕಣೇ." ಬಸ್ಸು ಬಂತು. ಹತ್ತಿದೆವು. ಸೀಟು ಸಿಕ್ಕಿತೆಂದು ಸಂತೋಷ ಬೇರೆ ಪಟ್ಟೆವು.

ನಾಲ್ಕು ವರ್ಷ ಹಾಗೇ ಕಳೆಯಿತು. ಅಣ್ಣನಿಗೆ ಅವಳು ಇಷ್ಟವಾದಳು. ಕೇಳಿಕೊಂಡು ಬಾ ಎಂದು ನೀನು ನನ್ನನ್ನೇ ಕಳಿಸಿದೆ. "ನಿನ್ನ ಮಾತಂದ್ರೆ ಅವಳಿಗೆ ವೇದವಾಕ್ಯ, ನೀನೇ ಕೇಳು" ಎಂದೆ. ನಾನು ಹೋಗಿ ಹೇಳಿದೆ. ಕಡ್ಡಿ ನಕ್ಕಳು. "ಸಿನಿಮಾದಲ್ಲಿ ಹೇಳ್ಲಿಲ್ವಾ, ನಿಮ್ಮಣ್ಣ ಅಂದ್ರೆ ಪ್ರೀತಿ ಅಂತ. ಒಂದೇ ಮನೇಲಿರಬಹುದು, ಸಾಯೋವರೆಗೂ. ಏನಂತೀಯ?" ನಾನು ಹೂಂ ಎಂದೆ. ಬೇರೆ ದಾರಿ ಯಾರೂ ತೋರಿಸಿರಲಿಲ್ಲ ಅಮ್ಮ, ಇದೊಂದು ಉಪಾಯ ಎಂದುಕೊಂಡೆ.

ಆರು ತಿಂಗಳು ಒಂದೇ ಮನೆಯಲ್ಲಿದ್ದೆವು. ಅಣ್ಣ ಒಳ್ಳೆಯವನು. ಅವನು ಕೆಟ್ಟವನಾಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅವಳ ಚಪ್ಪಲಿಯ ಪಟ್ಟಿಗೆ ತಾನೇ ಹೊಲಿಗೆ ಹಾಕಿಸಿಕೊಂಡು ಬರುತ್ತಿದ್ದ. ಒಂದು ಬೆಳಿಗ್ಗೆ ಅಭ್ಯಾಸಬಲದಿಂದ ಕಡ್ಡೀ ಎಂದು ಕೂಗಿದೆ. ಅಡುಗೆಮನೆಯಿಂದ ನೀನು "ಇನ್ನು ಅತ್ತಿಗೆ ಅನ್ನಬೇಕು" ಎಂದೆ. ತಪ್ಪಲ್ಲ, ಯಾರಾದರೂ ಹೇಳುವ ಮಾತೇ. ಆ ವಾರ ಇಲ್ಲಿ ಕೆಲಸ ಹುಡುಕಿಕೊಂಡೆ.

ನಿನ್ನ ಮೇಲೆ ಸಿಟ್ಟಿತ್ತು. ಈಗ ಎಷ್ಟಿದೆ ಎಂದು ತಿಳಿಯುತ್ತಿಲ್ಲ. ಸಾಲು ಕೊಟ್ಟದ್ದು ಯಾಕೆಂದರೆ, ಅದನ್ನು ಅವಳ ದನಿಯಲ್ಲಿ ಇನ್ನೊಂದು ಸಲ ಕೇಳಬೇಕಿತ್ತು. ಸಾಲು ಕಂಡು ಅವಳು ನಕ್ಕುಬಿಡುತ್ತಾಳೆ, ಮರೆತಿರುತ್ತಾಳೆ ಎಂದುಕೊಂಡಿದ್ದೆ. ಮರೆತಿಲ್ಲವಲ್ಲ. ಉಸಿರು ಜಾಸ್ತಿಯಾಯಿತು ಎಂದು ಬರೆದಿದ್ದೀಯ. ಅದನ್ನು ಎಷ್ಟು ಸಲ ಓದಿದೆನೋ.

ಇದರೊಳಗೆ ಇನ್ನೊಂದು ಕವರಿದೆ. ಅವಳಿಗೆ ಕೊಡು. ಬಾ ಎಂದು ಕೇಳಿದ್ದೇನೆ. ನಾನು ಯಾವತ್ತೂ ಕೇಳಿರಲಿಲ್ಲ. ಇಲ್ಲಿ ಎರಡು ಕೋಣೆಯ ಮನೆಯಿದೆ, ಬೆಳಕು ಬರುತ್ತದೆ. ಅಣ್ಣನ ತಾಯಿಯ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ನನಗೆ ಗೊತ್ತು. ನನಗೆ ಬೇರೆ ತಾಯಿ ಇಲ್ಲ.

ಮಗಳು


ಜುಲೈ 28

ಮಗಳೇ,

ಎಂಬತ್ತು ದಿನ ಉತ್ತರ ಬರೆಯಲಿಲ್ಲ. ನೀನು ಎಣಿಸಿರುತ್ತೀಯ, ನಾನೂ ಎಣಿಸಿದ್ದೇನೆ.

ಆ ಕವರನ್ನು ಕೊಡಲಿಲ್ಲ. ಬೀರುವಿನಲ್ಲಿ, ಹಳೆಯ ಸ್ಕ್ರಿಪ್ಟುಗಳ ಅಡಿಯಲ್ಲಿ ಇಟ್ಟೆ. ಒಂದು ದಿನ ಸುಡೋಣವೆಂದು ಒಲೆಯ ಹತ್ತಿರ ಒಯ್ದೆ. ನನ್ನನ್ನು ಬೈ. ಮೇಜಿನ ಎರಡು ಕಡೆ ನಿನ್ನ ಅಣ್ಣ, ಅವಳು ಕೂತು ತಿನ್ನುವಾಗ ನಾನು ತಟ್ಟೆ ಹಿಡಿದು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಒಂದು ಕಣ್ಣಿಗೆ ಸುಣ್ಣ, ಒಂದು ಕಣ್ಣಿಗೆ ಬೆಣ್ಣೆ ಹಚ್ಚಿದವಳಲ್ಲ ನಾನು. ಆದರೆ ಇಲ್ಲಿ ಯಾರ ಕಣ್ಣು ಉಳಿಸಲಿ? ನಿನಗೆ ಕೊಟ್ಟರೆ ಅವನದು ಹೋಗುತ್ತದೆ. ಅವನಿಗೆ ಉಳಿಸಿದರೆ ನಿನ್ನದು ಹೋದದ್ದು ಹೋದಂತೆಯೇ.

ಬೈದುಕೊಂಡೆ, ನನ್ನನ್ನೇ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಬರೆದ ಸಾಲು. ನಾನು ಹೆದರಿದ್ದು ಸೀಟು ಹರಿಯುವವರಿಗೆ. ಅದೇ ಸೀಟುಗಳಲ್ಲಿ ನೀವಿಬ್ಬರು ಕೂತಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ಹೋದ ವಾರ ಸಿನಿಮಾ ಬಿಡುಗಡೆಯಾಯಿತು. ಭಾನುವಾರ ನಿನ್ನ ಅಣ್ಣ ಹಟ ಹಿಡಿದು ನನ್ನನ್ನೂ ಅವಳನ್ನೂ ಕರೆದುಕೊಂಡು ಹೋದ. ಅವಳು ತಲೆನೋವೆಂದು ಮಧ್ಯೆ ಎದ್ದು ಹೊರಗೆ ಹೋದಳು. ಬೆಂಚಿನ ದೃಶ್ಯ ಬಂದಾಗ ನಾನು ಅವನು ಇಬ್ಬರೇ. ಆ ಸಾಲು ಬಂತು. ಮುಂದಿನ ಸಾಲಿನ ಹುಡುಗಿಯರು ಉಸಿರು ಬಿಡಲಿಲ್ಲ. ನಿನ್ನ ಅಣ್ಣ ನನ್ನ ಕಡೆ ಬಾಗಿದ. "ಅಣ್ಣನ್ನ ತೆಗೆದುಬಿಟ್ಯಾ, ಅಮ್ಮ?" ಎಂದ. ಹೂಂ ಎಂದೆ. "ಪಾಪ, ಅವನಿಗೂ ಒಂದು ಮಾತು ಹೇಳಬೇಕಿತ್ತು" ಎಂದ. ತಮಾಷೆಗೇ ಅಂದನೋ ಏನೋ, ಮುಖ ಕತ್ತಲಲ್ಲಿತ್ತು.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಕವರು ತೆಗೆದು ಅವಳ ಕೈಗೆ ಕೊಟ್ಟೆ. "ಇದು ನಿನ್ನದು. ತಡ ಮಾಡಿದ್ದು ನಾನು. ಏನು ಮಾಡಿದ್ರೂ ನೀನು ನನ್ನ ಮಗಳೇ" ಎಂದೆ. ಅವಳು ಬಟ್ಟೆ ಒಗೆಯುತ್ತಿದ್ದಳು, ಕೈ ಒದ್ದೆಯಿತ್ತು. ಒರೆಸಿಕೊಂಡು ತೆಗೆದುಕೊಂಡಳು. ಅವಳು ಏನು ಹೇಳುತ್ತಾಳೋ ಅದನ್ನು ನಾನು ತಿದ್ದುವುದಿಲ್ಲ.

ಅಮ್ಮ


ಆಗಸ್ಟ್ 19

ಗೂಬೆಗೆ,

ಈಗಲೂ ಅಷ್ಟು ದಪ್ಪ ಕನ್ನಡಕವೇ ಹಾಕುತ್ತೀಯಾ? ಅಂಗಡಿಯವರು ನಿನಗೆ ತೆಳುವಾದದ್ದು ಕೊಡುವುದಿಲ್ಲವೇ?

ನಿನ್ನ ಕಾಗದ ಓದಿದೆ. ಮೂರು ವಾರದಿಂದ ಓದುತ್ತಲೇ ಇದ್ದೇನೆ. ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತೇನೆ, ನನ್ನ ಹೆಸರಿಗೂ ಅದೇ ಸರಿ. ನಾನು ಬರುವುದಿಲ್ಲ.

ಅತ್ತೆಗೆ ನೀನು ಬರೆದದ್ದನ್ನೂ ಅವರು ನನಗೆ ತೋರಿಸಿದರು. ಅದರಲ್ಲಿ ಒಂದು ತಪ್ಪಿದೆ. ಒಂದೇ ಮನೆಯಲ್ಲಿರಬಹುದು ಎಂದು ನಾನು ಹೇಳಿದ್ದು ಉಪಾಯವೆಂದಲ್ಲ ಕಣೇ. ನೀನು ಬೇಡ ಎನ್ನಲಿ ಎಂದು ಹೇಳಿದೆ. ನಕ್ಕಿದ್ದೂ ಅದಕ್ಕೇ. ಇವಳಿಗೆ ಈಗ ಸಿಟ್ಟು ಬರುತ್ತದೆ, ಹುಚ್ಚು ಹಿಡಿದಿದೆಯಾ ಎಂದು ಬೈಯುತ್ತಾಳೆ, ಆಮೇಲೆ ಎಲ್ಲಾದರೂ ಹೋಗೋಣ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ನೀನು ಹೂಂ ಎಂದೆ. ಮದುವೆಯ ದಿನದವರೆಗೂ ಕಾದೆ. ನೀನು ನನ್ನ ಸೀರೆಯ ನೆರಿಗೆ ಸರಿಮಾಡಿದೆ.

ನಿನ್ನ ಅಣ್ಣನಿಗೆ ಹೇಳಿದೆ. ಬೆಳಿಗ್ಗೆ ಅವನು ಹೊರಡುವ ಮುಂಚೆ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಸಲಕರಣೆಯ ಚೀಲ ಹೆಗಲಿನಿಂದ ಇಳಿಸದೆ ಕೇಳಿಸಿಕೊಂಡ. ಸಿನಿಮಾದಲ್ಲಿ ನನ್ನ ದನಿ ಕೇಳಿದ ದಿನವೇ ಅರ್ಧ ಗೊತ್ತಾಗಿತ್ತು ಎಂದ. ಆಮೇಲೆ, "ಇಷ್ಟು ವರ್ಷದಲ್ಲಿ ಒಂದು ದಿನವಾದ್ರೂ ನನ್ನ ಕಂಡು ಸಂತೋಷ ಆಗಿತ್ತಾ?" ಎಂದು ಕೇಳಿದ. ಆಗಿತ್ತು ಎಂದೆ. ಅದು ನಿಜ, ಅದೇ ಕಷ್ಟ. "ಹೋಗ್ಬೇಕು ಅನ್ಸಿದ್ರೆ ಹೇಳು, ನಾನೇ ಬಿಟ್ಟು ಬರ್ತೀನಿ" ಎಂದು ಹೇಳಿ ಕೆಲಸಕ್ಕೆ ಹೋದ. ಸಂಜೆ ಬಂದಾಗ ಕಣ್ಣು ಊದಿತ್ತು. ನಿನಗೇನು ಬೇಕು ಎಂದು ನನ್ನನ್ನು ಕೇಳಿದ ಮೊದಲನೆಯವನು ಅವನು. ನಿನ್ನ ಕಾಗದ ಕೇಳಿದ್ದು ಬಾ ಎಂದು ಮಾತ್ರ. ಅವನನ್ನು ಬಿಟ್ಟು ಬಂದರೆ ನಿನ್ನ ಎರಡು ಕೋಣೆಯಲ್ಲಿ ನನಗೆ ದಿನವೂ ಅವನ ಆ ಚೀಲ ಕಾಣುತ್ತದೆ. ನಿನ್ನನ್ನೇ ಬಿಟ್ಟು ಬದುಕಲು ಕಲಿತಿದ್ದೇನೆ. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಇನ್ನೊಂದು ಸಲ, ಅವನನ್ನು ಬಿಟ್ಟಿರಲು ಕಲಿಯುವ ಶಕ್ತಿಯಿಲ್ಲ.

ನಿನ್ನೆ ಸ್ಟುಡಿಯೋದ ಹೊರಗೆ ಇಬ್ಬರು ಹುಡುಗಿಯರು ಕಾಯುತ್ತಿದ್ದರು. ಆ ಸಿನಿಮಾದ ದನಿ ಯಾರದೆಂದು ವಿಚಾರಿಸಿಕೊಂಡು ಬಂದವರು. ಮಾತಾಡಲು ನಾಚಿಕೆ, ಒಬ್ಬಳನ್ನೊಬ್ಬಳು ತಳ್ಳಿಕೊಂಡರು. ಕೊನೆಗೆ ಒಬ್ಬಳು ಕೇಳಿದಳು, "ಅಕ್ಕ, ಸಿನಿಮಾ ಮುಗಿದ ಮೇಲೂ ಅವರಿಬ್ಬರು ಜೊತೆಗಿರ್ತಾರೆ ತಾನೇ?" ಇರ್ತಾರೆ ಎಂದೆ. ಎಲ್ಲಿ ಎಂದಳು. ಎರಡು ಕೋಣೆಯ ಮನೆ, ಬೆಳಕು ಚೆನ್ನಾಗಿ ಬರುತ್ತೆ, ಒಬ್ಬಳು ಕನ್ನಡಕ ಮಾಡ್ತಾಳೆ ಎಂದು ಹೇಳಿಬಿಟ್ಟೆ. ಸಮಾಧಾನವಾಗಿ ಇಬ್ಬರೂ ಕೈ ಹಿಡಿದುಕೊಂಡು ಹೋದರು.

ಅತ್ತೆ ಮುಂದಿನ ತಿಂಗಳು ನಿನ್ನ ಹತ್ತಿರ ಬರುತ್ತಾರೆ. ಸರಿಯಾಗಿ ಊಟ ಮಾಡುತ್ತಿಲ್ಲ, ಹೊಸ ಕೆಲಸವನ್ನೂ ಒಪ್ಪಿಕೊಳ್ಳುತ್ತಿಲ್ಲ. ಸ್ವಲ್ಪ ದಿನ ಇಟ್ಟುಕೋ, ಬೈಯಬೇಡ.

ಇದಕ್ಕೆ ಉತ್ತರ ಬರೆಯಬೇಡ ಕಣೇ. ಬರೆದರೆ ನಾನು ಬಂದುಬಿಡುತ್ತೇನೆ.

ಕಡ್ಡಿ